ಹಗಲು ಕರೆಂಟು

ಹನ್ನೊಂದು ಊರುಗಳಿಗೆ ಬಿಸಿಲಿನಿಂದ ಕರೆಂಟು ಕೊಡುವ ಯೋಜನೆಯ ಕರಡು ಇನ್ನು ಹತ್ತು ದಿನಕ್ಕೆ ಮೇಲಿನ ಕಚೇರಿಗೆ ಹೋಗಬೇಕಿತ್ತು. ಅದನ್ನು ಬರೆದವಳಿಗೆ ಆಫೀಸಿನಲ್ಲಿ ನಕ್ಷೆ ಮೇಡಂ ಎಂದೇ ಹೆಸರು. ಎಂಜಿನಿಯರಾಗಿ ಸೇರಿ ಹದಿನಾರು ವರ್ಷವಾಗಿತ್ತು. ಯಾವ ಗುಡ್ಡದ ಹಿಂದೆ ಎಷ್ಟು ಮನೆ, ಯಾವ ಹಳ್ಳದಾಚೆ ಕಂಬ ಹೋಗುವುದಿಲ್ಲ ಎಂದು ಕೇಳಿದರೆ ನಿದ್ದೆಯಲ್ಲೂ ಹೇಳುವಷ್ಟು ನಕ್ಷೆಗಳು ಅವಳ ತಲೆಯಲ್ಲಿದ್ದವು. ಅವತ್ತು ಮಂಗಳವಾರ ಬೆಳಿಗ್ಗೆ ಅವಳು ನಾಲ್ಕನೇ ಪುಟದ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದಳು. ಮೇಜಿನ ಕೆಳಗೆ ಅವಳ ಬಲಗಾಲು ಹೊಲಿಗೆ ಯಂತ್ರ ತುಳಿಯುವಂತೆ ಅಲುಗುತ್ತಿತ್ತು. ಪಕ್ಕದ ಮೇಜಿನ ಗುಮಾಸ್ತ ಒಂದು ಸಲ ತನ್ನ ಲೋಟ ಹಿಡಿದುಕೊಂಡ, ಎರಡನೇ ಸಲ ಎತ್ತಿ ಕಿಟಕಿಯಲ್ಲಿಟ್ಟ.

ಆ ಸಾಲು ಹೀಗಿತ್ತು: 'ಹತ್ತು ವರ್ಷಗಳ ಹಿಂದೆ ಸ್ಥಾಪಿಸಲಾದ ಒಂದನೇ ನಂಬರ್ ಸೌರ ಕೇಂದ್ರವು ಇಂದಿಗೂ ಯಶಸ್ವಿಯಾಗಿ ಕಾರ್ಯ ನಿರ್ವಹಿಸುತ್ತಿದ್ದು, ಪ್ರಸ್ತುತ ಯೋಜನೆಗೆ ಮಾದರಿಯಾಗಿದೆ.'

ಅವಳು ಇದನ್ನು ಬರೆದಿರಲಿಲ್ಲ. ಮುಖ್ಯ ಎಂಜಿನಿಯರ್ ಸಾಹೇಬರು ತಿದ್ದುವಾಗ ಸೇರಿಸಿದ್ದರು. ಒಂದನೇ ನಂಬರ್ ಅವಳದೇ ಕೂಸು. ಕೆಲಸಕ್ಕೆ ಸೇರಿದ ಮೇಲೆ ಮೊದಲು ಅವಳ ಕೈಗೆ ಬಂದ ಊರು ಅದು. ಅರವತ್ತು ಫಲಕ, ಒಂದು ಕೋಣೆ ತುಂಬ ಬ್ಯಾಟರಿ, ಎಂಬತ್ತು ಮನೆಗೆ ಎರಡೆರಡು ಬಲ್ಬು. ಉದ್ಘಾಟನೆಯ ದಿನ ತಂತಿಯ ಕೆಳಗೆ ನಿಂತು ಅವಳು ಅತ್ತಿದ್ದಳು. ಮೂರು ವರ್ಷಕ್ಕೆ ಆ ಊರಿಂದ ಒಂದು ಕಾಗದ ಬಂತು, ಬ್ಯಾಟರಿ ನಿಲ್ಲುತ್ತಿಲ್ಲ ಅಂತ. ಅವಳು ಅದನ್ನು ಉಗ್ರಾಣಕ್ಕೆ ಕಳಿಸಿದಳು. ಉಗ್ರಾಣದವರು ನಿರ್ವಹಣೆಗೆ ಕಳಿಸಿದರು. ನಿರ್ವಹಣೆಯವರು ಗಾಡಿ ಇಲ್ಲ ಎಂದು ಬರೆದು ಅವಳಿಗೇ ವಾಪಸ್ ಕಳಿಸಿದರು. ಎರಡನೇ ಕಾಗದ, ಮೂರನೇ ಕಾಗದ ಬಂದವು, ಅವೂ ಅದೇ ದಾರಿಯಲ್ಲಿ ಒಂದು ಸುತ್ತು ಹಾಕಿದವು. ಆಮೇಲೆ ಕಾಗದ ಬರುವುದು ನಿಂತಿತು. ಯಾಕೆ ನಿಂತಿತು ಎಂದು ಅವಳು ಕೇಳಲಿಲ್ಲ. ಕೇಳದೇ ಇದ್ದದ್ದು ಆರು ವರ್ಷ.

ಅವಳು ಎದ್ದು ಸಾಹೇಬರ ಕೋಣೆಗೆ ಹೋದಳು. ಕನ್ನಡಕ ಹಣೆಗೇರಿಸಿಕೊಂಡು ಅವರು ಯಾವುದೋ ಪಟ್ಟಿ ನೋಡುತ್ತಿದ್ದರು. ಒಳ್ಳೆಯವರೇ. ಯಾರ ರಜೆಯನ್ನೂ ತಿರಸ್ಕರಿಸಿದವರಲ್ಲ. ಆದರೆ ಮೇಲಿನವರು ಕೇಳಿದ್ದಕ್ಕೆ ಇಲ್ಲ ಎಂದು ಹೇಳಿ ಗೊತ್ತಿಲ್ಲದ ಮನುಷ್ಯ. ಒಂದನೇ ನಂಬರಿನಲ್ಲಿ ದೀಪ ಉರಿಯುತ್ತಿರುವ ಬಗ್ಗೆ ತನಗೆ ನಂಬಿಕೆ ಇಲ್ಲ ಎಂದು ಅವಳು ಹೇಳಿದಳು.

"ಅಲ್ಲಿ ದೀಪ ಇಲ್ಲ ಅಂತ ನಿಮಗೆ ಯಾರು ಹೇಳಿದ್ರು?" ಎಂದರು ಸಾಹೇಬರು.

"ಇದೆ ಅಂತ ನಿಮಗೆ ಯಾರು ಹೇಳಿದ್ರು ಸಾರ್?"

ಸಾಹೇಬರು ಕನ್ನಡಕ ಇಳಿಸಿದರು. ತಿಂಗಳ ಕೊನೆಗೆ ನೆರವು ಕೊಡುವ ಸಂಸ್ಥೆಯವರು ಬರುತ್ತಾರೆ, ಮಾದರಿ ಕೇಂದ್ರ ನೋಡಬೇಕು ಅನ್ನುತ್ತಾರೆ, ಅಷ್ಟರೊಳಗೆ ಏನೇನು ಕೆಟ್ಟಿದೆ ನೋಡಿ ಪಟ್ಟಿ ಮಾಡಿಕೊಂಡು ಬನ್ನಿ, ಹೊಸ ಬ್ಯಾಟರಿಗಳ ಲಾರಿಯನ್ನೇ ಕಳಿಸೋಣ ಎಂದರು. ಇಷ್ಟು ವರ್ಷ ಗಾಡಿ ಇಲ್ಲದ ಇಲಾಖೆಗೆ ಲಾರಿ ಎಲ್ಲಿಂದ ಹುಟ್ಟಿತು ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಊರು ಸುಟ್ಟ ಮೇಲೆ ಬಾವಿ ತೋಡುವವರಲ್ಲಿ ತಾನೂ ಒಬ್ಬಳಲ್ಲವೇ?

ಮನೆಯಲ್ಲಿ ಅವಳು ಮತ್ತು ಅಪ್ಪ ಇಬ್ಬರೇ. ಅಪ್ಪ ಮೂವತ್ತನಾಲ್ಕು ವರ್ಷ ಕಂಬ ಹತ್ತಿದ ಲೈನ್‌ಮನ್. ನಿವೃತ್ತನಾಗಿ ಹತ್ತು ವರ್ಷವಾದರೂ ಬೀದಿಯಲ್ಲಿ ನಡೆಯುವಾಗ ನೆಲ ನೋಡದೆ ತಂತಿ ನೋಡುವ ಅಭ್ಯಾಸ ಬಿಟ್ಟಿರಲಿಲ್ಲ, ಅದರಿಂದ ಎರಡು ಸಲ ಚರಂಡಿಗೂ ಬಿದ್ದಿದ್ದ. ಮಗಳು ಊಟದ ತಟ್ಟೆಯ ಮುಂದೆ ಕೂತು, ಎದ್ದು, ನೀರು ತಂದು, ತಂದ ನೀರು ಕುಡಿಯದೆ ಮತ್ತೆ ಎದ್ದದ್ದನ್ನು ಅವನು ಸ್ವಲ್ಪ ಹೊತ್ತು ನೋಡಿದ. ಏನಾಯಿತೆಂದು ಕೇಳಿದ. ಅವಳು ಹೇಳಿದಳು.

"ನಾನೂ ಬರ್ತೀನಿ," ಎಂದ ಅಪ್ಪ.

ಬೇಡಪ್ಪ, ಕೊನೆಗೆ ಎರಡು ಗಂಟೆ ಏರು ನಡೆಯಬೇಕು, ನಿನ್ನ ಮಂಡಿ ಕೇಳುವುದಿಲ್ಲ ಎಂದು ಅವಳು ತಡೆದಳು. ಮಂಡಿಯನ್ನ ನಾನು ಕೇಳ್ಕೋತೀನಿ, ನೀನು ಊಟ ಮಾಡು ಎಂದು ಅವನು ತನ್ನ ಹಳೇ ಇಕ್ಕಳದ ಚೀಲ ಹುಡುಕಲು ಎದ್ದ.

ಗುರುವಾರ ಬೆಳಿಗ್ಗೆ ಜೀಪು ಹೊರಟಿತು. ದಾರಿಯುದ್ದಕ್ಕೂ ಅವಳು ಎದುರಿಸಬೇಕಾದ ಮುಖಗಳನ್ನು ಒಂದೊಂದಾಗಿ ಊಹಿಸುತ್ತ ಬಂದಳು. ಉದ್ಘಾಟನೆಯ ದಿನ ತನ್ನ ಕೈ ಹಿಡಿದು ಕುಣಿದಿದ್ದ ಹೆಂಗಸರು ಈಗ ಬೆನ್ನು ತಿರುಗಿಸುತ್ತಾರೆ. ಬಲ್ಬಿನ ಕೆಳಗೆ ಓದಲು ಕೂತಿದ್ದ ಹುಡುಗಿಯರು ಓದು ಬಿಟ್ಟಿರುತ್ತಾರೆ. ಕತ್ತಲೆಯಲ್ಲಿ ಯಾರಾದರೂ ಬಾವಿಗೆ ಬಿದ್ದಿರಬಹುದು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಕಟ್ಟಿದಳು, ಕೆಡವಿದಳು. ಕ್ಷಮಿಸಿ ಎನ್ನುವುದಕ್ಕೆ ಮುಂಚೆ ಕಾರಣ ಹೇಳಬೇಕೋ, ಆಮೇಲೋ? ಅಪ್ಪ ಮುಂದಿನ ಸೀಟಿನಲ್ಲಿ ಡ್ರೈವರನಿಗೆ, ಈ ಸಾಲಿನ ಕಂಬಗಳನ್ನು ನೆಟ್ಟವನು ಅರ್ಧ ಕುಡಿದಿದ್ದ, ನೋಡು, ಎಡಕ್ಕೆ ಓಲಿವೆ ಎಂದು ವಿವರಿಸುತ್ತಿದ್ದ.

ರಸ್ತೆ ಮುಗಿದಲ್ಲಿ ಜೀಪು ಬಿಟ್ಟು ಏರತೊಡಗಿದರು. ಅಪ್ಪ ನಾಲ್ಕು ಸಲ ಕೂತ. ಪ್ರತಿ ಸಲವೂ ಗುಡ್ಡ ಚೆನ್ನಾಗಿದೆ ನೋಡೋಣ ಅಂತ ಕೂತೆ ಎಂದ. ಊರು ಕಂಡಾಗ ಮಧ್ಯಾಹ್ನ ಹನ್ನೆರಡು ದಾಟಿತ್ತು. ಅವಳ ಕಣ್ಣು ಮೊದಲು ಹುಡುಕಿದ್ದು ದಿಬ್ಬದ ಮೇಲಿನ ಬೇಲಿಯನ್ನು. ಬೇಲಿ ಇತ್ತು. ಕಬ್ಬಿಣದ ಚೌಕಟ್ಟುಗಳು ಸಾಲಾಗಿ, ಅವಳೇ ಅಳೆದ ಕೋನದಲ್ಲೇ, ದಕ್ಷಿಣಕ್ಕೆ ಮುಖ ಮಾಡಿ ನಿಂತಿದ್ದವು. ಅವುಗಳ ಮೇಲೆ ಒಂದು ಫಲಕವೂ ಇರಲಿಲ್ಲ. ಖಾಲಿ ಚೌಕಟ್ಟಿನ ಮೇಲೆ ಯಾರೋ ಕಂಬಳಿ ಒಣಹಾಕಿದ್ದರು. ಬ್ಯಾಟರಿ ಕೋಣೆಗೆ ಬಾಗಿಲಿರಲಿಲ್ಲ. ಒಳಗೆ ಹುಲ್ಲು ಒಟ್ಟಿತ್ತು, ಹುಲ್ಲಿನ ಮೇಲೆ ಒಂದು ಮೇಕೆ ಮಲಗಿತ್ತು.

ಕದ್ದುಕೊಂಡು ಹೋಗಿದ್ದಾರೆ, ಎಲ್ಲ ಹೋಯಿತು ಎಂದು ಅಪ್ಪನಿಗೆ ಹೇಳಿದಳು. ಅವನು ತಲೆ ಓರೆ ಮಾಡಿ ಏನನ್ನೋ ಆಲಿಸುತ್ತಿದ್ದ.

"ಮೋಟಾರು," ಎಂದ. "ಎರಡಿವೆ. ಒಂದು ಕಲ್ಲು ತಿರುಗಿಸ್ತಿದೆ."

ಸದ್ದು ಹಿಡಿದು ಇಳಿದರು. ಊರ ನಡುವಿನ ಒಂದು ಕೊಟ್ಟಿಗೆಯ ಮಾಡಿನ ಮೇಲೆ ಹನ್ನೆರಡು ಫಲಕಗಳು ಹೊಳೆಯುತ್ತಿದ್ದವು. ಅವಳ ಫಲಕಗಳೇ. ಅಂಚಿನಲ್ಲಿ ಇಲಾಖೆಯ ಹಳದಿ ಪಟ್ಟಿ ಇನ್ನೂ ಇತ್ತು. ಒಳಗೆ ಹಿಟ್ಟಿನ ಗಿರಣಿ ಗರಗರ ಎನ್ನುತ್ತಿತ್ತು. ಚೀಲ ಹಿಡಿದ ಏಳೆಂಟು ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಗಿರಣಿಯ ಪಕ್ಕ ಸ್ಟೂಲಿನ ಮೇಲೆ, ಮೈಯೆಲ್ಲ ಹಿಟ್ಟಾಗಿ, ಐವತ್ತೈದರ ಒಬ್ಬ ಹೆಂಗಸು ಕಿವಿಯ ಮೇಲೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಕೂತಿದ್ದಳು. ಅವಳನ್ನು ಊರಲ್ಲಿ ರೇಡಿಯೋ ಅಕ್ಕ ಎನ್ನುತ್ತಿದ್ದರು. ಮದುವೆಗೆ ಮುಂಚೆ ತನ್ನ ಅಪ್ಪನ ಅಂಗಡಿಯಲ್ಲಿ ರೇಡಿಯೋ ರಿಪೇರಿ ಕಲಿತವಳು. ಸುತ್ತ ಮೂರು ಊರಿನಲ್ಲಿ ಏನು ಕೆಟ್ಟರೂ ಅವಳ ಹತ್ತಿರ ಬರುತ್ತಿತ್ತು, ಕೆಲವು ಸಂಸಾರಗಳೂ ಸಹ.

ಅವಳು ಬಂದವರನ್ನು ನೋಡಿದಳು, ನಕ್ಷೆ ಮೇಡಂ ಹೆಗಲಲ್ಲಿದ್ದ, ಫಲಕದ್ದರಂಥದೇ ಹಳದಿ ಪಟ್ಟಿಯ ಇಲಾಖೆಯ ಚೀಲವನ್ನು ನೋಡಿದಳು, ಕೈ ಚಾಚಿ ಒಂದು ಸನ್ನೆಕೋಲು ಎಳೆದಳು. ಗಿರಣಿ ನಿಧಾನಕ್ಕೆ ನಿಂತಿತು.

"ನೀವೇನಾ ಅವರು?" ಎಂದಳು. "ಅವತ್ತು ತಂತಿ ಕೆಳಗೆ ನಿಂತು ಅತ್ತೋರು?"

ನಕ್ಷೆ ಮೇಡಂ ಹೌದು ಎಂದಳು. ದಾರಿಯುದ್ದಕ್ಕೂ ಕಟ್ಟಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. ಕಾಗದಗಳು ತನಗೆ ತಲುಪಿದ್ದವು ಎಂದಷ್ಟೇ ಹೇಳಿದಳು.

"ತಲುಪಿದ್ವಾ? ನಾನು ತಲುಪಿಲ್ಲ ಅಂದ್ಕೊಂಡು ಸಮಾಧಾನ ಮಾಡ್ಕೊಂಡಿದ್ದೆ." ರೇಡಿಯೋ ಅಕ್ಕ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು. "ಮೂರು ಬರೆದೆ. ನಾಲ್ಕನೇದು ಬರೆಯೋಕೆ ಕೂತೆ ನೋಡಿ, ಆಗ ಅನ್ನಿಸ್ತು, ಇಷ್ಟು ಹೊತ್ತಲ್ಲಿ ಒಂದು ಮೋಟಾರೇ ಸುತ್ತಬಹುದಲ್ಲ ಅಂತ."

ಹೆಂಗಸರು ನಕ್ಕರು. ರೇಡಿಯೋ ಅಕ್ಕ ನಗಲಿಲ್ಲ.

ಆಮೇಲೆ ಅಪ್ಪ ನೀರು ಕೇಳಿದ, ಕೂತ, ಗಿರಣಿಯ ಮೋಟಾರು ಎಲ್ಲಿಯದೆಂದು ವಿಚಾರಿಸಿದ. ಕೆಲಸ ಬಲ್ಲವರ ನಡುವೆ ಮಾತು ತಾನಾಗಿ ಹುಟ್ಟುತ್ತದೆ. ಸ್ವಲ್ಪ ಹೊತ್ತಿಗೆ ಎಲ್ಲ ಕಥೆ ಹೊರಬಂತು. ಬ್ಯಾಟರಿ ಸತ್ತ ಮೇಲೆ ಒಂದೂವರೆ ವರ್ಷ ಊರವರು ಕಾದಿದ್ದರು. ಬಿಸಿಲು ದಿನವೂ ಬಂದು ಫಲಕಗಳ ಮೇಲೆ ಬಿದ್ದು ಸುಮ್ಮನೆ ಹೋಗುತ್ತಿತ್ತು. ಆಳಿದ್ದೂ ಹೊಲ ಉಳದೆ ಬಿಟ್ಟಂತೆ ಎಂದು ರೇಡಿಯೋ ಅಕ್ಕನಿಗೆ ಹೊಟ್ಟೆ ಉರಿಯುತ್ತಿತ್ತು. ಕೆಳಗಿನ ಮುಚ್ಚಿಹೋದ ಕಲ್ಲುಗಣಿಯ ಗುಜರಿಯಲ್ಲಿ ಕಲ್ಲಿನ ಗಾಡಿ ಎಳೆಯುತ್ತಿದ್ದ ಎರಡು ಹಳೇ ಮೋಟಾರು ಸಿಕ್ಕವು. ಅವು ಬ್ಯಾಟರಿಯ ಕರೆಂಟಿಗೆಂದೇ ಮಾಡಿದಂಥವು, ಫಲಕದ ಕರೆಂಟು ನೇರ ಕೊಟ್ಟರೂ ತಿರುಗುತ್ತವೆ ಎಂದು ಅವಳು ಲೆಕ್ಕ ಹಾಕಿದಳು. ಸುತ್ತು ಬಿಚ್ಚಿ ಹೊಸದಾಗಿ ಸುತ್ತಿದಳು. ಮೊದಲನೆಯದು ಗಿರಣಿಗೆ. ಎರಡನೆಯದು ಹಳ್ಳದ ನೀರೆತ್ತುವ ಪಂಪಿಗೆ, ಅದಕ್ಕೆ ಇಪ್ಪತ್ತು ಫಲಕ. ಬಡಗಿಯ ಗರಗಸಕ್ಕೆ ಎಂಟು, ಅದರ ಮೋಟಾರು ಬೇರೆ ಕಡೆಯಿಂದ ಬಂತು. ಉಳಿದ ಇಪ್ಪತ್ತು ಕೈದೀಪ ಮತ್ತು ಫೋನು ತುಂಬಿಸಿಕೊಳ್ಳಲು ಮನೆಗಳಿಗೆ ಹಂಚಿಹೋದವು, ನಾಲ್ಕು ಮನೆಗೆ ಒಂದರಂತೆ.

"ಮೋಡ ಬಂದ್ರೆ?" ಎಂದು ಕೇಳಿದಳು ನಕ್ಷೆ ಮೇಡಂ.

"ಮೋಡ ಬಂದ್ರೆ ಕೂತು ಹರಟೆ ಹೊಡೀತೀವಿ. ಬಿಸಿಲು ಬಂದ್ರೆ ಎದ್ದು ಬೀಸ್ತೀವಿ."

ನಕ್ಷೆ ಮೇಡಂ ಪುಸ್ತಕ ತೆಗೆದಳು. ಎಷ್ಟು ಹೊತ್ತಿಗೆ ಗಿರಣಿ, ಎಷ್ಟು ಹೊತ್ತಿಗೆ ಪಂಪು ಎಂದು ಕೇಳುತ್ತ ಬರೆಯತೊಡಗಿದಳು. ಈ ಊರಿಗೆ ಬೇಕಾದ ಕರೆಂಟಿನ ಮುಕ್ಕಾಲು ಪಾಲು ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರೊಳಗೆ ಬೇಕಾದದ್ದು. ಬಿಸಿಲಿದ್ದಾಗ ಬಿಸಿಲನ್ನೇ ಬಳಸಿದರೆ ಅದಕ್ಕೆ ಬ್ಯಾಟರಿಯೇ ಬೇಡ. ಅವಳು ಹತ್ತು ವರ್ಷದ ಹಿಂದೆ ಸಮೀಕ್ಷೆಗೆ ಬಂದಾಗ ಮನೆಮನೆಗೂ ಹೋಗಿ ಕೇಳಿದ್ದು ಒಂದೇ ಪ್ರಶ್ನೆ, ನಿಮಗೆ ಎಷ್ಟು ದೀಪ ಬೇಕು ಅಂತ. ಹಗಲಲ್ಲಿ ಏನು ಕೆಲಸ, ಯಾವುದಕ್ಕೆ ತೋಳು ಸೋಲುತ್ತದೆ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಹೊಸ ಹನ್ನೊಂದು ಊರಿಗೂ ಅದೇ ಪ್ರಶ್ನೆಪತ್ರ ಹೋಗಿತ್ತು. ಅದೇ ಎರಡು ಬಲ್ಬು, ಅದೇ ಬ್ಯಾಟರಿ ಕೋಣೆ. ಎಲ್ಲಕ್ಕಿಂತ ಮೊದಲು ಸಾಯುವ ವಸ್ತುವನ್ನು ಆಧಾರಕಂಬ ಮಾಡಿಕೊಂಡು ಅವಳು ಹನ್ನೊಂದು ಮನೆ ಕಟ್ಟಿದ್ದಳು.

ಅವಳು ಲಾರಿಯ ಸುದ್ದಿ ಹೇಳಿದಳು. ಹೇಳದೇ ಇರಲು ಆಗಲಿಲ್ಲ. ಹೊಸ ಬ್ಯಾಟರಿ ಬರುತ್ತವೆ, ಬೇಲಿಯೊಳಗೆ ಫಲಕ ವಾಪಸ್ ಕೂರಬೇಕು, ತಿಂಗಳ ಕೊನೆಗೆ ದೊಡ್ಡವರು ನೋಡಲು ಬರುತ್ತಾರೆ.

ಗೋಡೆಗೆ ಒರಗಿದ್ದವರಲ್ಲಿ ಒಬ್ಬಳು ತನ್ನ ಚೀಲವನ್ನು ಹತ್ತಿರಕ್ಕೆಳೆದುಕೊಂಡಳು, ಈಗಲೇ ಯಾರೋ ಕಿತ್ತುಕೊಳ್ಳುತ್ತಾರೆ ಎಂಬಂತೆ. ಗಿರಣಿ ಬರುವ ಮುಂಚೆ ಹಿಟ್ಟಿಗಾಗಿ ಗುಡ್ಡ ಇಳಿದು ಹತ್ತಬೇಕಿತ್ತು. ವಾರಕ್ಕೆ ಒಂದು ಹಗಲು ಅದಕ್ಕೇ ಹೋಗುತ್ತಿತ್ತು ಎಂದು ಅವಳೇ ಆಮೇಲೆ ಹೇಳಿದಳು.

"ದೀಪ ಬೇಡ ಅಂತಲ್ಲ," ಎಂದಳು ರೇಡಿಯೋ ಅಕ್ಕ, ಈ ಸಲ ನಿಧಾನವಾಗಿ. "ದೀಪ ಯಾರಿಗೆ ಬೇಡ? ಆದ್ರೆ ನೀವು ಬರ್ತೀರಿ, ಗಿರಣಿ ನಿಲ್ಲಿಸ್ತೀರಿ, ದೀಪ ಹಚ್ತೀರಿ, ಅವರು ನೋಡ್ಕೊಂಡು ಹೋಗ್ತಾರೆ. ಮೂರು ವರ್ಷಕ್ಕೆ ಮತ್ತೆ ಕತ್ತಲೆ. ಆಗ ನಾನು ಮತ್ತೆ ಕಾಗದ ಬರೀಬೇಕಾ? ನನ್ನ ಕಣ್ಣು ಈಗ ಮೊದಲಿನ ಹಾಗಿಲ್ಲ."

ಅಷ್ಟರಲ್ಲಿ ಅಪ್ಪ ಕಾಣಿಸಲಿಲ್ಲ. ಹುಡುಕಿಕೊಂಡು ಹೋದರೆ ಹಳ್ಳದ ಪಕ್ಕ ಪಂಪಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಮುಖ ಗಂಭೀರವಾಗಿತ್ತು. ತಂತಿಯ ಎರಡು ಕಡೆ ಬರೀ ಗಂಟು ಹಾಕಿ ಬಟ್ಟೆ ಸುತ್ತಿತ್ತು, ಬಟ್ಟೆ ಒದ್ದೆಯಾಗಿತ್ತು. ಸ್ವಿಚ್ಚಿನ ಬಾಯಿ ಸುಟ್ಟು ಕಪ್ಪಾಗಿತ್ತು.

"ಜೋಡಣೆ ಮಾಡಿದ ಕೈ ಒಳ್ಳೇದು," ಎಂದ ಅವನು ರೇಡಿಯೋ ಅಕ್ಕನಿಗೆ. "ಆದ್ರೆ ಇದು ಒಂದಿನ ಯಾರನ್ನಾದ್ರೂ ತಿನ್ನುತ್ತೆ, ತಾಯಿ. ನಮ್ಮ ಕಂಬದ ಕರೆಂಟು ಸ್ವಿಚ್ಚು ಆರಿಸಿದ್ರೆ ಅಲ್ಲೇ ಬಿಡುತ್ತೆ. ಈ ಫಲಕದ್ದು ಬಿಡಿಸುವಾಗ ಕಿಡಿ ಎಳ್ಕೊಂಡೇ ಬರುತ್ತೆ."

ರೇಡಿಯೋ ಅಕ್ಕ ಬಲಗೈ ಬಿಚ್ಚಿ ತೋರಿಸಿದಳು. ಅಂಗೈಯ ಅಡ್ಡಕ್ಕೆ ಹಗ್ಗದಷ್ಟು ದಪ್ಪದ ಸುಟ್ಟ ಕಲೆ ಇತ್ತು. ಗೊತ್ತು, ಸರಿಯಾದ ಸ್ವಿಚ್ಚು ಎಲ್ಲಿ ಸಿಗುತ್ತದೆಂದು ಗೊತ್ತಿಲ್ಲ ಎಂದಳು. ಬ್ಯಾಟರಿ ಕೋಣೆಯ ಸ್ವಿಚ್ಚು ಸುಟ್ಟಾಗಲೇ, ಅಂಥದೊಂದು ಬೇಕೆಂದು ಮೂರನೇ ಕಾಗದದಲ್ಲಿ ಬರೆದಿದ್ದಳಂತೆ. ನಕ್ಷೆ ಮೇಡಂಗೆ ಆ ಸಾಲು ನೆನಪಿರಲಿಲ್ಲ. ಅವಳು ಆ ಕಾಗದವನ್ನು ಪೂರ್ತಿ ಓದಿರಲೇ ಇಲ್ಲ.

ಅವತ್ತು ಅಲ್ಲೇ ಉಳಿದರು. ಮಾರನೇ ದಿನ ಬೆಳಗಿನಿಂದ ಮೂವರೂ ಸೇರಿ ತಂತಿ ಬಿಚ್ಚಿದರು. ಬ್ಯಾಟರಿ ಕೋಣೆಯ ಹುಲ್ಲಿನಡಿಯ ಹಳೇ ಪೆಟ್ಟಿಗೆಗಳಲ್ಲಿ, ಮೇಕೆಯ ವಿರೋಧದ ನಡುವೆ, ಹಾಳಾಗದ ಎರಡು ದೊಡ್ಡ ಸ್ವಿಚ್ಚು ಸಿಕ್ಕವು. ಆವರೆಗೂ ಯಾರೂ ಅವನ್ನು ಗುರುತಿಸಿರಲಿಲ್ಲ, ಹೊರಗೆ ತುಕ್ಕು ಹಿಡಿದಿದ್ದವು. ಅವನ್ನು ಪಂಪಿಗೆ ಮತ್ತು ಗಿರಣಿಗೆ ಕೂರಿಸಿದರು. ಗರಗಸವನ್ನು ಸದ್ಯಕ್ಕೆ ಮುಟ್ಟಬೇಡಿ ಎಂದು ಬಡಗಿಗೆ ಹೇಳಿದ್ದಕ್ಕೆ ಅವನು ಸಿಟ್ಟಾಗಿ ಮನೆಗೆ ಹೋದ. ಕೈಯಲ್ಲಿ ಇಕ್ಕಳ ಇದ್ದಷ್ಟು ಹೊತ್ತು ನಕ್ಷೆ ಮೇಡಂ ಕಾಲು ಅಲುಗಲಿಲ್ಲ. ಗುಡ್ಡ ಇಳಿದು ಜೀಪು ಹತ್ತಿದೊಡನೆ ಮತ್ತೆ ಶುರುವಾಯಿತು.

ಈಗ ಏನು ಬರೆಯುವುದು? ದೀಪ ಉರಿಯುತ್ತಿದೆ ಎಂದು ಬರೆದರೆ ಸುಳ್ಳು, ಹನ್ನೊಂದು ಊರು ಅದೇ ಸುಳ್ಳಿನ ಮೇಲೆ ನಿಲ್ಲುತ್ತವೆ. ಲಾರಿ ಬರಲಿ ಎಂದರೆ ಗಿರಣಿ ನಿಲ್ಲುತ್ತದೆ. ಇದ್ದದ್ದನ್ನು ಇದ್ದಂತೆ ಬರೆದರೆ, ಸರ್ಕಾರದ ಸ್ವತ್ತನ್ನು ಕಿತ್ತು ಹಂಚಿಕೊಂಡಿದ್ದಾರೆ ಎಂದು ರೇಡಿಯೋ ಅಕ್ಕನ ಮನೆಯ ಮುಂದೆ ಪೊಲೀಸರು ನಿಲ್ಲುತ್ತಾರೆ. ಏನೂ ಬರೆಯದೆ ಬಿಟ್ಟರೆ ಬಡಗಿಯ ಗರಗಸದ ಸ್ವಿಚ್ಚು ಯಾರನ್ನೋ ತಿನ್ನುತ್ತದೆ. ಅವಳು ಕಿಟಕಿ ಇಳಿಸಿದಳು, ಏರಿಸಿದಳು, ಮತ್ತೆ ಇಳಿಸಿದಳು. ಡ್ರೈವರು ಹಿಡಿ ಮುರಿಯುತ್ತದೆ ಎಂದು ವಿನಯದಿಂದ ಹೇಳಿದ.

"ಅಪ್ಪ, ನೀನಾಗಿದ್ರೆ ಏನು ಮಾಡ್ತಿದ್ದೆ?"

ಅಪ್ಪ ಕಣ್ಣು ಮುಚ್ಚಿ ಮಂಡಿ ನೀವಿಕೊಳ್ಳುತ್ತಿದ್ದ. "ನಾನು ಕಂಬದ ಮೇಲಿದ್ದಾಗ ಕೆಳಗಿಂದ ಸಾಹೇಬರು ಏನೇನೋ ಕೂಗೋರು ಮಗಳೇ. ನಾನು ನೋಡ್ತಿದ್ದಿದ್ದು ಒಂದೇ. ನಾನು ಬಿಟ್ಟು ಇಳಿದ ಮೇಲೆ ಇದನ್ನ ಮುಟ್ಟೋರು ಯಾರು ಅಂತ." ಕಣ್ಣು ತೆರೆದು ಸೇರಿಸಿದ, "ಅದಕ್ಕೇ ನನಗೆ ಬಡ್ತಿ ಸಿಗಲಿಲ್ಲ. ಅದನ್ನೂ ಲೆಕ್ಕಕ್ಕಿಟ್ಕೊ."

ಅವಳು ಶನಿವಾರ, ಭಾನುವಾರ ಕೂತು ಬರೆದಳು. ಒಂದನೇ ನಂಬರ್ ಕೇಂದ್ರ ಮೂರನೇ ವರ್ಷದಲ್ಲಿ ನಿಂತಿದೆ. ನಿಂತದ್ದು ಊರವರಿಂದಲ್ಲ. ಮೂರು ಕಾಗದ ಬಂದಿದ್ದವು, ಅವುಗಳ ತಾರೀಖು ಇವು, ಅವನ್ನು ಮುಂದೆ ಸಾಗಿಸಿ ಕೈ ತೊಳೆದುಕೊಂಡ ಅಧಿಕಾರಿ ನಾನು. ಇಲಾಖೆ ಬಿಟ್ಟುಹೋದ ಸಾಮಾನನ್ನು ಊರವರು ಕೆಲಸಕ್ಕೆ ಹಚ್ಚಿದ್ದಾರೆ, ಅದು ನನ್ನ ವಿನ್ಯಾಸಕ್ಕಿಂತ ಹೆಚ್ಚು ಕಾಲ ನಡೆದಿದೆ. ಆದ್ದರಿಂದ ಹನ್ನೊಂದು ಊರುಗಳ ಯೋಜನೆಯನ್ನು ಹಗಲಿನ ಕೆಲಸದಿಂದ ಶುರುಮಾಡಿ ಮತ್ತೆ ಬರೆಯಬೇಕು, ಅದಕ್ಕೆ ನಾಲ್ಕು ತಿಂಗಳು ಬೇಕು. ಸಾಹೇಬರು ಕೇಳಿದ್ದ ಪಟ್ಟಿಯನ್ನೂ ಜೊತೆಗಿಟ್ಟಳು. ಬ್ಯಾಟರಿ: ಬೇಡ. ಬೇಕಾದದ್ದು: ಫಲಕದ ಕರೆಂಟು ತಡೆಯುವ ಸ್ವಿಚ್ಚು ನಾಲ್ಕು, ದಪ್ಪ ತಂತಿ ಇನ್ನೂರು ಮೀಟರು, ರಬ್ಬರ್ ಕೈಗವಸು ಎರಡು ಜೊತೆ.

ಸಾಹೇಬರು ಓದುವುದನ್ನು ಅವಳು ನಿಂತೇ ನೋಡಿದಳು. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಹಗುರವಾಗುತ್ತಿತ್ತು.

"ಕೂತ ಕೊಂಬೆ ಕಡೀತಿದ್ದೀರಿ," ಎಂದರು. "ನಿಮ್ಮ ಕೊಂಬೆಯಷ್ಟೇ ಅಲ್ಲ, ಪಕ್ಕದಲ್ಲಿ ನಾನೂ ಕೂತಿದ್ದೀನಿ."

ಆ ಹೆಂಗಸಿನ ಮೇಲೆ ದೂರು ಕೊಡಬೇಕಾಗುತ್ತದೆ, ನಿಯಮವೇ ಹಾಗಿದೆ ಎಂದೂ ಹೇಳಿದರು. ಕೊಡುವುದಾದರೆ ಮೊದಲ ಹೆಸರು ನನ್ನದಿರಲಿ, ಬಿಟ್ಟುಬಂದವಳು ನಾನು, ಎತ್ತಿಕೊಂಡವಳು ಆಮೇಲಿನವಳು ಎಂದಳು ಅವಳು. ಅಂದದ್ದೇನೋ ಅಂದಳು. ಕಾರಿಡಾರಿಗೆ ಬಂದಾಗ, ತಾನು ಧೈರ್ಯ ಮಾಡಿದ್ದೋ ಅಥವಾ ಬೇರೆಯವರ ಗಿರಣಿಯನ್ನು ಪಣಕ್ಕಿಟ್ಟು ತನ್ನ ಮನಸ್ಸನ್ನು ಹಗುರ ಮಾಡಿಕೊಂಡದ್ದೋ ಎಂದು ಅವಳಿಗೆ ತಿಳಿಯಲಿಲ್ಲ. ವಿಚಾರಣೆಗೆ ಆದೇಶವಾಗುವವರೆಗಿನ ಮೂರು ವಾರ ಅವಳು ಸರಿಯಾಗಿ ಕೂತು ಊಟ ಮಾಡಲಿಲ್ಲ. ತಪ್ಪು ಫೈಲಿಗೆ ಸಹಿ ಹಾಕಿದಳು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಹೋದಳು. ನೋಡಲು ಬರಬೇಕಾದವರನ್ನು ಸಾಹೇಬರು ಬೇರೆ ಜಿಲ್ಲೆಯ ಅಣೆಕಟ್ಟಿಗೆ ಕರೆದೊಯ್ದರೆಂದು ಗುಮಾಸ್ತ ಹೇಳಿದ.

ವಿಚಾರಣೆಗೆ ನೇಮಕವಾದವರು ನಿವೃತ್ತಿಗೆ ಎರಡು ತಿಂಗಳಿದ್ದ ಒಬ್ಬ ಅಧಿಕಾರಿ. ತೆಳ್ಳಗಿನ, ಒಣ ಮನುಷ್ಯ. ಅವಳನ್ನೂ ಕರೆದುಕೊಂಡು ಗುಡ್ಡ ಹತ್ತಿದರು. ಗಿರಣಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಫಲಕ ಎಷ್ಟು, ಎಲ್ಲೆಲ್ಲಿವೆ, ಮಾರಿದ್ದೆಷ್ಟು ಎಂದು ಕೇಳಿದರು. ಮಾರಿದ್ದು ಒಂದೂ ಇಲ್ಲ, ಬೇಕಾದರೆ ಎಣಿಸಿ ಎಂದಳು ರೇಡಿಯೋ ಅಕ್ಕ. ಅವರು ನಿಜಕ್ಕೂ ಎದ್ದುಹೋಗಿ ಮಾಡು ಮಾಡಿಗೂ ಕತ್ತೆತ್ತಿ ಎಣಿಸಿದರು. ಅರವತ್ತೂ ಇದ್ದವು, ಒಂದು ಒಡೆದಿತ್ತು. ವಾಪಸ್ ಬಂದು ಕೂತಾಗ ಅವರ ಹುಬ್ಬಿನ ಮೇಲೆ ಹಿಟ್ಟು ಕೂತಿತ್ತು.

"ಇದನ್ನೆಲ್ಲ ತೆಗೆಯೋ ಮುಂಚೆ ಯಾರ ಅನುಮತಿ ಕೇಳಿದ್ರಮ್ಮ?"

"ಯಾರನ್ನ ಕೇಳ್ಬೇಕಿತ್ತು ಸ್ವಾಮಿ? ಹೆಸರು ಹೇಳಿ, ಈಗ್ಲೇ ಕೇಳ್ತೀನಿ."

ಅಧಿಕಾರಿ ತಮ್ಮ ಫೈಲು ತೆರೆದರು. ನಿರ್ವಹಣಾ ವಿಭಾಗ ಎಂದಿದ್ದ ಪುಟ ಹುಡುಕಿದರು. ಆ ವಿಭಾಗವನ್ನು ಆರು ವರ್ಷದ ಹಿಂದೆಯೇ ಮುಚ್ಚಲಾಗಿತ್ತು, ಅದರ ಕೆಲಸ ಯಾರಿಗೂ ವಹಿಸಿರಲಿಲ್ಲ. ಅವರು ಆ ಪುಟವನ್ನು ಬಹಳ ಹೊತ್ತು ನೋಡಿದರು. ಕೊನೆಗೆ ಅವರು ಫೈಲು ಮುಚ್ಚಿ, ಗಿರಣಿಯನ್ನೊಮ್ಮೆ ಓಡಿಸಿ ತೋರಿಸಿ ಎಂದರು. ಓಡಿತು. ಒಂದು ಮೋಡ ಅಡ್ಡ ಬಂತು, ಕಲ್ಲು ನಿಧಾನವಾಯಿತು, ಹೆಂಗಸರು ಅಭ್ಯಾಸದಂತೆ ಹರಟೆಗೆ ಕೂತರು. ಮೋಡ ಹೋಯಿತು, ಕಲ್ಲು ತಾನಾಗಿ ವೇಗ ಹಿಡಿಯಿತು. ಅಧಿಕಾರಿ ಮೋಡ ಹೋದ ದಿಕ್ಕನ್ನೇ ನೋಡುತ್ತಿದ್ದರು.

ಅವರ ವರದಿ ಬರಲು ಎರಡು ತಿಂಗಳು ಹಿಡಿಯಿತು. ಒಂದನೇ ನಂಬರ್ ಕೇಂದ್ರದ ಅರವತ್ತು ಫಲಕ ಮತ್ತು ಉಪಕರಣಗಳು ಬಳಕೆಗೆ ಅಯೋಗ್ಯವಾದ ಗುಜರಿ ಎಂದೂ, ಸಾಗಣೆಯೇ ದಂಡವಾದ್ದರಿಂದ ಇದ್ದಲ್ಲೇ ಬಿಡತಕ್ಕದ್ದು ಎಂದೂ ಅದರಲ್ಲಿತ್ತು. ಗುಜರಿಯನ್ನು ಕದ್ದರೆಂದು ಯಾರ ಮೇಲೂ ದೂರು ಕೊಡಲಾಗುವುದಿಲ್ಲ. ಸುದ್ದಿ ಕೇಳಿ ರೇಡಿಯೋ ಅಕ್ಕ ಫೋನಿನಲ್ಲಿ, ಹಾಗಾದ್ರೆ ನಾನು ಈಗ ಗುಜರಿ ಹಿಟ್ಟು ಬೀಸ್ತಿದ್ದೀನಿ ಅನ್ನಿ ಎಂದಳು. ಆ ಕಡೆ ಗರಗರ ಸದ್ದು ಕೇಳುತ್ತಿತ್ತು. ನಾಲ್ಕು ಸ್ವಿಚ್ಚುಗಳು ಮಾತ್ರ ಇಲಾಖೆಯಿಂದ ಬರಲೇ ಇಲ್ಲ. ಗುಜರಿಗೆ ಬಿಡಿಭಾಗ ಕೊಡುವ ನಿಯಮವಿಲ್ಲವಂತೆ. ಅವನ್ನು ಅಪ್ಪ ತನ್ನ ಹಳೇ ಸ್ನೇಹಿತರನ್ನು ಕಾಡಿ ಬೇಡಿ ಹೊಂದಿಸಿಕೊಂಡು, ಮತ್ತೆ ಗುಡ್ಡ ಹತ್ತಿ, ಎರಡನ್ನು ಬಡಗಿಯ ಗರಗಸಕ್ಕೆ ಕೂರಿಸಿ, ಉಳಿದೆರಡನ್ನು ರೇಡಿಯೋ ಅಕ್ಕನ ಕೈಗೆ ಕೊಟ್ಟು ಬಂದ. ವಾರವಿಡೀ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತ.

ನಕ್ಷೆ ಮೇಡಂ ಕೈಯಿಂದ ಯೋಜನೆ ಹೋಯಿತು. ಅವಳನ್ನು ಹಳೆಯ ದಾಖಲೆಗಳ ಕೋಣೆಗೆ ಹಾಕಿದರು. ಯೋಜನೆ ಬೇರೊಬ್ಬ ಎಂಜಿನಿಯರನ ಹೆಸರಲ್ಲಿ, ಎರಡು ಬಲ್ಬು ಮತ್ತು ಬ್ಯಾಟರಿ ಕೋಣೆಯ ಸಮೇತ ಮೇಲಕ್ಕೆ ಹೋಯಿತು. ಎಂಟು ತಿಂಗಳು ಅವಳು ಧೂಳು ಕೊಡವುತ್ತ, ಕೊಡವಿದ ಕಾಗದಗಳನ್ನು ಓದುತ್ತ ಕಳೆದಳು. ಬೇರೆ ಬೇರೆ ಊರಿಂದ ಬಂದ, ಉತ್ತರ ಕಾಣದ ಅಂಥ ಕಾಗದ ನಲವತ್ತೊಂದು ಸಿಕ್ಕವು. ಒಂದೊಂದಕ್ಕೂ ಉತ್ತರ ಬರೆದಳು. ಅವಳಿಗೆ ಆ ಅಧಿಕಾರವಿರಲಿಲ್ಲ, ಅಂಚೆಚೀಟಿ ಮಾತ್ರ ಇತ್ತು.

ಮೇಲಿನಿಂದ ಯೋಜನೆ ಪ್ರಶ್ನೆಗಳೊಂದಿಗೆ ವಾಪಸ್ ಬಂತು. ನಾಲ್ಕನೇ ವರ್ಷ ಬ್ಯಾಟರಿ ಯಾರು ಬದಲಿಸುತ್ತಾರೆ ಎಂಬ ಪ್ರಶ್ನೆಗೆ ಹೊಸ ಎಂಜಿನಿಯರ್ ಉತ್ತರ ಕೊಡಲಾರದೆ ಹೋದ. ಸಾಹೇಬರು ಒಂದು ಮಧ್ಯಾಹ್ನ ತಾವೇ ದಾಖಲೆ ಕೋಣೆಗೆ ಇಳಿದುಬಂದು, ಬಾಗಿಲಲ್ಲಿ ನಿಂತು, ಹನ್ನೊಂದರಲ್ಲಿ ಎರಡು ಊರನ್ನು ನಿಮ್ಮ ರೀತಿಯಲ್ಲಿ ಮಾಡಿ ನೋಡೋಣ, ಉಳಿದ ಒಂಬತ್ತರ ಮಾತು ಈಗ ಬೇಡ ಎಂದರು. ಎರಡೇ? ಎಂದು ಅವಳ ಬಾಯಿಗೆ ಬಂತು. ಹೂಂ ಎಂದಳು. ಆ ಒಂಬತ್ತು ಊರುಗಳ ನಕ್ಷೆ ಅವಳ ಕಣ್ಣ ಮುಂದಿನಿಂದ ಸರಿಯಲಿಲ್ಲ. ಕೆಲಸ ಕಲಿಸಲು ರೇಡಿಯೋ ಅಕ್ಕ ಬೇಕೆಂದು ಕೇಳಿದಳು. ಆಕೆ ಬರಲು ಒಪ್ಪಿದಳು, ಆದರೆ ಕಾಗದದಲ್ಲಿ ಸಹಾಯಕಿ ಎಂದಿದ್ದರೆ ಬರುವುದಿಲ್ಲ, ಉಪಾಧ್ಯಾಯಿನಿ ಎಂದಿರಬೇಕು ಎಂದಳು. ಹಾಗೇ ಬರೆಯಲಾಯಿತು.

ಹೊಸ ಊರಲ್ಲಿ ಮೊದಲ ದಿನ ಬೆಳಿಗ್ಗೆ, ಚಪ್ಪರದ ಕೆಳಗೆ ಊರವರು ಸೇರಿದ್ದರು. ಸ್ವಿಚ್ಚು ಬಾಗಿಲಿನ ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂದು ಅಪ್ಪ ಮತ್ತು ರೇಡಿಯೋ ಅಕ್ಕ ಅರ್ಧ ಗಂಟೆಯಿಂದ ವಾದ ಹೂಡಿದ್ದರು. ನಕ್ಷೆ ಮೇಡಂ ಹೊಸ ಪ್ರಶ್ನೆಪತ್ರ ಹಿಡಿದು ಒಬ್ಬೊಬ್ಬರನ್ನೇ ಕೇಳುತ್ತಿದ್ದಳು, ಹಗಲಲ್ಲಿ ಯಾವ ಕೆಲಸಕ್ಕೆ ತೋಳು ಸೋಲುತ್ತೆ ಅಂತ. ಗಿರಣಿ ಎಂದರು, ನೀರು ಎಂದರು. ಅವಳು ಬರೆದುಕೊಂಡಳು. ಹಿಂದಿನ ಸಾಲಿನಿಂದ ಒಬ್ಬ ಕುಂಬಾರಗಿತ್ತಿ ಎದ್ದು ನಿಂತು, ತನ್ನ ಚಕ್ರ ತಿರುಗಿಸುತ್ತಿದ್ದ ಗಂಡನಿಗೆ ಭುಜ ಬಿದ್ದುಹೋಗಿದೆ, ಚಕ್ರಕ್ಕೆ ಕರೆಂಟು ಬರುತ್ತದಾ ಎಂದು ಕೇಳಿದಳು.

ಚಕ್ರ ಎಂಬ ಅಂಕಣ ಪ್ರಶ್ನೆಪತ್ರದಲ್ಲಿ ಇರಲಿಲ್ಲ. ನಕ್ಷೆ ಮೇಡಂ ಕಾಗದ ತಿರುಗಿಸಿ ಹಿಂಭಾಗದಲ್ಲಿ ಗೆರೆ ಎಳೆದಳು.

"ಒಂದು ದಿನಕ್ಕೆ ಎಷ್ಟು ಹೊತ್ತು ತಿರುಗಬೇಕಮ್ಮ?" ಎಂದಳು.

ಕುಂಬಾರಗಿತ್ತಿ ಯೋಚಿಸಿದಳು. ಬಿಸಿಲು ಚಪ್ಪರದ ಅಂಚು ದಾಟಿ ಒಳಗೆ ಬರುತ್ತಿತ್ತು. ಮಾತಲ್ಲಿ ಹೇಳಲು ಬರುವುದಿಲ್ಲ, ಬಂದು ನೋಡಿ ಎಂದು ಅವಳು ಹೊರಟೇಬಿಟ್ಟಳು. ನಕ್ಷೆ ಮೇಡಂ ಉಳಿದ ಕಾಗದಗಳನ್ನು ಅಪ್ಪನ ಕೈಗೆ ತುರುಕಿ, ಚಪ್ಪಲಿ ಸಿಕ್ಕಿಸಿಕೊಳ್ಳುತ್ತ, ಅವಳ ಹಿಂದೆ ಓಡಿದಳು.